ಟಮ್ಮಿ ಟಕ್: ಮಾಡಿಸುವ ಮೊದಲು ತಿಳಿದಿರಬೇಕಾದದ್ದು



ಹೋದ ತಿಂಗಳು ಕಾರ್ಯಕ್ರಮ ಮುಗಿಸಿ ಹೆಡ್‌ಫೋನ್ ಕೆಳಗಿಡುವ ಹೊತ್ತಿಗೆ ಡೊಂಬಿವಲಿಯಿಂದ ಒಬ್ಬ ಕೇಳುಗರು ಫೋನ್ ಮಾಡಿದರು. ಹುಬ್ಬಳ್ಳಿ ಕಡೆಯವರು, ಇಬ್ಬರು ಮಕ್ಕಳ ತಾಯಿ, ಎರಡೂ ಸಿಜೇರಿಯನ್. ಯಾವುದೋ ಹಾಡು ಕೇಳಲಿಕ್ಕಿರಬೇಕು ಅಂದುಕೊಂಡೆ. "ಲೋಕಲ್‌ನ್ಯಾಗ ಒಬ್ಬಾಕಿ ಹುಡುಗಿ ನನ್ನ ನೋಡಿ ಎದ್ದು ಸೀಟು ಕೊಟ್ಟಳ್ರೀ. ಎಷ್ಟನೇ ತಿಂಗಳು ಅಂತ ಕೇಳಿದಳು. ನನ್ನ ಸಣ್ಣ ಮಗ ಈಗ ಎರಡನೇ ಕ್ಲಾಸ್ ಇದ್ದಾನ. ಆ ಟಮ್ಮಿ ಟಕ್ ಅಂತಾರಲ್ಲ, ಅದರ ಬಗ್ಗೆ ಸ್ವಲ್ಪ ಹೇಳ್ರಿ" ಅಂದರು.

ನಾನು ಕನ್ನಡ ಬಿ.ಎ. ಓದಿದವಳು, ಡಾಕ್ಟರಲ್ಲ. ಆದರೂ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಬ್ಲೌಸ್ ಸಡಿಲವಾದರೆ ಟೈಲರ್ ಟಕ್ ಹಿಡಿಯುತ್ತಾನಲ್ಲ, ಹೆಚ್ಚುಕಡಿಮೆ ಅದೇ ಕೆಲಸ ಇದು. ಸಡಿಲವಾದದ್ದನ್ನು ಬಿಗಿ ಮಾಡುವುದೇ ಹೊರತು ತೂಕ ಇಳಿಸುವುದಲ್ಲ. ಬಸುರಿನಲ್ಲಿ ಹೊಟ್ಟೆಯ ನಡುವಿನ ಎರಡು ಉದ್ದ ಸ್ನಾಯುಪಟ್ಟಿಗಳು ಒಂದರಿಂದೊಂದು ದೂರ ಸರಿಯುತ್ತವೆ. ಹೆರಿಗೆಯ ನಂತರ ಕೆಲವರಿಗೆ ಅವು ಮತ್ತೆ ಪೂರ್ತಿ ಹತ್ತಿರ ಬರುವುದಿಲ್ಲ. ಅಂಥವರು ಎಷ್ಟು ಸಣ್ಣಗಾದರೂ ಹೊಟ್ಟೆ ಮಾತ್ರ ಮುಂದೆಯೇ ಇರುತ್ತದೆ. ನಮ್ಮೂರುಗಳಲ್ಲಿ ಬಾಣಂತಿಗೆ ಹಳೆ ಸೀರೆಯಿಂದ ಹೊಟ್ಟೆ ಬಿಗಿದು ಕಟ್ಟುತ್ತಿದ್ದರು. ಅದರಿಂದ ಆಸರೆ ಸಿಗುತ್ತದೆ, ಆದರೆ ಚೆನ್ನಾಗಿ ಅಗಲವಾದ ಬಿರುಕು ಅದರಿಂದ ಮುಚ್ಚುವುದಿಲ್ಲ. ಫಿಸಿಯೋಥೆರಪಿಸ್ಟ್ ಹೇಳಿಕೊಡುವ ವ್ಯಾಯಾಮದಿಂದ ಎಷ್ಟೋ ಜನರಿಗೆ ಗುಣ ಕಾಣುತ್ತದೆ, ಹಾಗಾಗಿ ಮೊದಲು ಅದನ್ನು ಮಾಡಿ ನೋಡಬೇಕು.

ಇನ್ನು ಗಂಡಸರ ಗಟ್ಟಿ ಗುಂಡು ಹೊಟ್ಟೆಯ ಮಾತು. ಅಲ್ಲಿ ಕೊಬ್ಬು ಸೇರಿರುವುದು ಬಹುಪಾಲು ಒಳಗೆ, ಕರುಳಿನ ಸುತ್ತ. ಅದನ್ನು ಟಮ್ಮಿ ಟಕ್ಕೂ ತೆಗೆಯುವುದಿಲ್ಲ, ಲೈಪೋಸಕ್ಷನ್ನೂ ತೆಗೆಯುವುದಿಲ್ಲ. ರಾಯರೇ, ನಿಮಗೆ ವಾಕಿಂಗೇ ಗತಿ!

ಆಪರೇಷನ್‌ನಲ್ಲಿ ಬಗೆಗಳಿವೆ. ಚರ್ಮ ಬಿಗಿಯಾಗಿದ್ದು ಅದರಡಿ ಕೊಬ್ಬು ಮಾತ್ರ ಹೆಚ್ಚಿದ್ದರೆ ಲೈಪೋಸಕ್ಷನ್ ಸಾಕು, ಸಣ್ಣ ತೂತುಗಳ ಮೂಲಕ ಕೊಳವೆ ಹಾಕಿ ಕೊಬ್ಬನ್ನು ಹೀರಿ ತೆಗೆಯುತ್ತಾರೆ. ಹೊಕ್ಕುಳಿನ ಕೆಳಗಷ್ಟೇ ಚರ್ಮ ಜೋತಿದ್ದರೆ ಮಿನಿ ಟಕ್. ಇಬ್ಬರು ಮಕ್ಕಳಾದ ಮೇಲೆ ಬರುವ ಹೆಚ್ಚಿನವರಿಗೆ ಬೇಕಾಗುವುದು ಪೂರ್ಣ ಟಕ್. ಇದರಲ್ಲಿ ಕಿಬ್ಬೊಟ್ಟೆಯಲ್ಲಿ ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಕೊಯ್ದು, ಚರ್ಮವನ್ನು ಮೇಲಕ್ಕೆ ಬಿಡಿಸಿ, ಸ್ನಾಯುಗಳನ್ನು ಕೂಡಿಸಿ ಹೊಲಿಯುತ್ತಾರೆ. ಚರ್ಮವನ್ನು ಕೆಳಗೆಳೆದು ಹೆಚ್ಚಾದದ್ದನ್ನು ಕತ್ತರಿಸುತ್ತಾರೆ. ಹೊಕ್ಕುಳು ತನ್ನ ಜಾಗದಲ್ಲೇ ಇರುತ್ತದೆ, ಹೊಸದಾಗಿ ಬಂದ ಚರ್ಮದಲ್ಲಿ ಅದಕ್ಕೊಂದು ಕಿಂಡಿ ಮಾಡುತ್ತಾರೆ. ಸಿಜೇರಿಯನ್ ಕಲೆ ಸಾಮಾನ್ಯವಾಗಿ ಕತ್ತರಿಸಿದ ಚರ್ಮದ ಜೊತೆ ಹೋಗುತ್ತದೆ. ಆದರೆ ಅದಕ್ಕಿಂತ ಉದ್ದದ ಹೊಸ ಕಲೆ ಬರುತ್ತದೆ, ಅದು ಖಾಯಂ. ತೂಕ ಇಳಿಸುವ ಆಪರೇಷನ್ ಮಾಡಿಸಿ ಬಹಳ ಇಳಿದವರಿಗೆ ಸೊಂಟದ ಸುತ್ತ, ಬೆನ್ನಿನವರೆಗೂ ಕೊಯ್ಯಬೇಕಾಗಬಹುದು.

ಸಮಯ ಎರಡರಿಂದ ನಾಲ್ಕು ಗಂಟೆ, ಪೂರ್ತಿ ಅರಿವಳಿಕೆ, ಆಸ್ಪತ್ರೆಯಲ್ಲಿ ಒಂದೆರಡು ರಾತ್ರಿ. ಆಮೇಲಿನದ್ದೇ ದೊಡ್ಡ ಕತೆ. ಮೊದಲ ವಾರ ನೆಟ್ಟಗೆ ನಿಲ್ಲಲಾಗುವುದಿಲ್ಲ, ಅಜ್ಜಿಯ ಹಾಗೆ ಬಾಗಿ ನಡೆಯಬೇಕು. ಮಲಗುವಾಗಲೂ ಮಂಡಿಯ ಕೆಳಗೆ ದಿಂಬು. ಒಳಗೆ ಸೇರುವ ನೀರನ್ನು ಹೊರಬಿಡಲು ಬಹಳ ಕಡೆ ಕೆಲವು ದಿನ ಸಣ್ಣ ನಳಿಕೆ ಇಟ್ಟಿರುತ್ತಾರೆ. ಬಿಗಿ ಬೆಲ್ಟ್ ಸುಮಾರು ಆರು ವಾರ. ಕುರ್ಚಿಯ ಕೆಲಸದವರು ಎರಡು ಮೂರು ವಾರಕ್ಕೆ ಆಫೀಸಿಗೆ ಹೋಗಬಹುದು, ಆದರೆ ಲೋಕಲ್‌ನ ನೂಕುನುಗ್ಗಲು ಸದ್ಯಕ್ಕೆ ಬೇಡ. ಆರು ವಾರ ನೀರಿನ ಬಕೆಟ್, ಸಿಲಿಂಡರ್, ಮಗು ಯಾವುದನ್ನೂ ಎತ್ತುವಂತಿಲ್ಲ. ಹೊಕ್ಕುಳಿನ ಕೆಳಗೆ ತಿಂಗಳುಗಟ್ಟಲೆ ಜೋಮು ಇರುತ್ತದೆ. ಊತ ಪೂರ್ತಿ ಇಳಿಯಲು ಕೆಲವು ತಿಂಗಳು, ಕಲೆ ಮಾಸಲು ವರ್ಷವೇ ಬೇಕು.

ಅಪಾಯವನ್ನು ಮುಚ್ಚಿಡಬಾರದು. ಚರ್ಮದಡಿ ನೀರು ತುಂಬುವುದು ಆಗಾಗ ಕಾಣುವ ತೊಂದರೆ. ಸೋಂಕು, ರಕ್ತಸ್ರಾವ, ಗಾಯ ಕೂಡದಿರುವುದೂ ಉಂಟು. ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಲ್ಲಿ ಇವು ಹೆಚ್ಚು. ಸಿಗರೇಟನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ಎಲ್ಲಕ್ಕಿಂತ ಅಂಜಬೇಕಾದದ್ದು ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗುವುದಕ್ಕೆ. ಅದಕ್ಕೇ ಆಪರೇಷನ್ ಆದ ಮೊದಲ ದಿನದಿಂದಲೇ ನಡೆಸುತ್ತಾರೆ. ಮೀನಖಂಡ ಊದಿ ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಆ ಸುದ್ದಿ ಬಂದ ಸಂಜೆ ನಮ್ಮ ಸ್ಟುಡಿಯೋದಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಆದ್ದರಿಂದ ಜಾಹೀರಾತಿನ ರಿಯಾಯಿತಿ ನೋಡಿ ಹೋಗಬೇಡಿ. ಡಾಕ್ಟರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಅದಕ್ಕೆ ಸಮನಾದ ಡಿಗ್ರಿ ಪಡೆದವರೇ, ಅರಿವಳಿಕೆ ತಜ್ಞರು ಇರುತ್ತಾರೆಯೇ, ಅಲ್ಲೇ ಐಸಿಯು ಇದೆಯೇ ಎಂದು ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಕಡೆ ಮಲಗಬೇಡಿ. ಅಂದಕ್ಕಾಗಿ ಮಾಡಿಸುವುದಕ್ಕೆ ಆರೋಗ್ಯ ವಿಮೆ ಹಣ ಕೊಡುವುದಿಲ್ಲ. ಜೊತೆಗೆ ಹರ್ನಿಯಾ ಇದ್ದರೆ ಅದರ ಖರ್ಚು ಸಿಗಬಹುದೇ ಎಂದು ಕಂಪನಿಯನ್ನು ಮೊದಲೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಇನ್ನೂ ಮಕ್ಕಳು ಬೇಕೆನ್ನುವವರು ಕಾಯುವುದು ಒಳ್ಳೆಯದು, ಇನ್ನೊಂದು ಬಸುರಿನಲ್ಲಿ ಹೊಲಿದದ್ದು ಮತ್ತೆ ಸಡಿಲವಾಗಬಹುದು. ತೂಕ ಇಳಿಸುತ್ತಿರುವವರು ಅದು ಆರು ತಿಂಗಳಾದರೂ ಒಂದೇ ಕಡೆ ನಿಂತ ಮೇಲೆ ಯೋಚಿಸಲಿ.

ಡೊಂಬಿವಲಿಯವರು ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಪರೀಕ್ಷೆ ಮಾಡಿಸಿದಾಗ ಸ್ನಾಯುಗಳ ನಡುವೆ ಮೂರು ಬೆರಳಿನ ಬಿರುಕು ಕಂಡಿತಂತೆ. ಸದ್ಯ ವ್ಯಾಯಾಮ ನಡೆದಿದೆ. ಅದರಿಂದ ಆಗದಿದ್ದರೆ ಮೇ ರಜೆಯಲ್ಲಿ ಆಪರೇಷನ್. "ಅಷ್ಟೊತ್ತಿಗೆ ಹುಬ್ಬಳ್ಳಿಯಿಂದ ಅವ್ವ ಬರ್ತಾಳ್ರೀ, ನೀರು ಎತ್ತಾಕ ಒಬ್ಬರು ಬೇಕಲ್ಲ" ಅಂದರು. ಈ ಸಲ ಹಾಡನ್ನೂ ಕೇಳಿದರು.