ಜೇಷ್ಠಮಧು: ಹೊಟ್ಟೆಯುರಿಯ ಮದ್ದು ಮತ್ತು ಅದರ ಪರೀಕ್ಷೆ

ಗ್ರಂಥಿಗೆ ಅಂಗಡಿಗಳಲ್ಲಿ ಜೇಷ್ಠಮಧು ಅಥವಾ ಅತಿಮಧುರ ಎಂಬ ಹೆಸರಿನಿಂದ ದೊರೆಯುವ, ಒಳಗೆ ಹಳದಿಯಾದ ಸಿಹಿ ಬೇರು ಆಯುರ್ವೇದದ ಯಷ್ಟಿಮಧು. ಚರಕಸಂಹಿತೆಯು ಇದನ್ನು ಜೀವನೀಯ ಗಣದಲ್ಲಿ ಸೇರಿಸಿದೆ. ಕೆಮ್ಮು, ಗಂಟಲ ಕೆರೆತಗಳಿಗೆ ಮನೆಮದ್ದಾಗಿರುವ ಈ ಬೇರನ್ನು ಆಮ್ಲಪಿತ್ತ, ಹೊಟ್ಟೆಯುರಿಗಳಲ್ಲಿಯೂ ಬಳಸುತ್ತಾರೆ. ಜಠರವನ್ನು ಕಾಯುವ ಗುಣ ಇದಕ್ಕಿದೆಯೆ ಎಂಬ ಪ್ರಶ್ನೆ ಆಧುನಿಕ ಪರೀಕ್ಷೆಗೆ ಒಳಗಾದ ಬಗೆಯನ್ನು ಜನಪದ ವೈದ್ಯದ ಅಧ್ಯಯನಕಾರರು ಗಮನಿಸಬೇಕು.

ಯೂರೋಪಿನಲ್ಲಿಯೂ ಈ ಬೇರಿನ ಬಳಕೆ ಪ್ರಾಚೀನವಾದುದೇ. ರೆವರ್ಸ್ ಎಂಬ ಡಚ್ ವೈದ್ಯರು 1946ರಲ್ಲಿ, ಇದರ ಸತ್ವದಿಂದ ಜಠರದ ಹುಣ್ಣು ಮಾಯುವುದನ್ನು ವರದಿ ಮಾಡಿದರು. ಕೆಲವು ರೋಗಿಗಳ ಮೈ ಬಾತುಕೊಂಡುದನ್ನೂ ಮರೆಮಾಚಲಿಲ್ಲ. ಅನಂತರ ಬ್ರಿಟನ್ನಿನಲ್ಲಿ ಬೇರಿನ ಗ್ಲಿಸಿರೈಜಿನ್ ಅಂಶದಿಂದ ಕಾರ್ಬೆನೊಕ್ಸೊಲೋನ್ ಎಂಬ ಔಷಧ ಸಿದ್ಧವಾಯಿತು. ಧೂಮಪಾನ ಮತ್ತು ಶ್ವಾಸಕೋಶದ ಕ್ಯಾನ್ಸರಿನ ಸಂಬಂಧವನ್ನು ತೋರಿಸಿ ಹೆಸರಾದ ರಿಚರ್ಡ್ ಡಾಲ್ ಮತ್ತು ಸಂಗಡಿಗರು 1962ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಈ ಔಷಧವು ಜಠರದ ಹುಣ್ಣನ್ನು ಬೇಗ ಮಾಯಿಸುವುದು ಕಂಡುಬಂದಿತು. ಇದು ಆಮ್ಲವನ್ನು ಕಡಿಮೆ ಮಾಡಿ ಅಲ್ಲ, ಜಠರದ ಒಳಪೊರೆಯ ಲೋಳೆಯನ್ನು ಹೆಚ್ಚಿಸಿ ಕೆಲಸ ಮಾಡುತ್ತದೆ.

ಆದರೆ ಗುಣ ತರುವ ಈ ಅಂಶವೇ ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ದೇಹದಲ್ಲಿ ಸೋಡಿಯಂ ಉಳಿದು, ಪೊಟ್ಯಾಸಿಯಂ ನಷ್ಟವಾಗಿ, ರಕ್ತದೊತ್ತಡ ಏರುತ್ತದೆ. ಹಾಗಾಗಿ ಗ್ಲಿಸಿರೈಜಿನ್ ತೆಗೆದ ಜೇಷ್ಠಮಧುವನ್ನು ತಯಾರಿಸಲಾಯಿತು. ಇಲಿಗಳಲ್ಲಿ ಅದು ಆಸ್ಪಿರಿನ್ನಿನಿಂದಾಗುವ ಗಾಯವನ್ನು ತಗ್ಗಿಸಿತು. ರೋಗಿಗಳ ಜಠರದ ಹುಣ್ಣಿನ ಮೇಲೆ ಬರ್ಧನ್ ಮತ್ತು ಸಂಗಡಿಗರು ನಡೆಸಿ 1978ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿಯಾದರೋ, ಅದಕ್ಕೂ ಔಷಧವಿಲ್ಲದ ಹುಸಿಗುಳಿಗೆಗೂ ವ್ಯತ್ಯಾಸ ಕಾಣಲಿಲ್ಲ. ಆಸ್ಪಿರಿನ್ ಕೊಡುವ ಮುನ್ನ ಇಲಿಯ ಜಠರವನ್ನು ಕಾಯುವುದು ಬೇರೆ, ಮನುಷ್ಯನಲ್ಲಿ ಆಗಲೇ ಆಗಿರುವ ಹುಣ್ಣನ್ನು ಮಾಯಿಸುವುದು ಬೇರೆ. ಈ ಎರಡನ್ನೂ 'ಜಠರರಕ್ಷಕ' ಎಂಬ ಒಂದೇ ಪದದಿಂದ ಹೇಳುವ ರೂಢಿ ಗೊಂದಲಕ್ಕೆಡೆಮಾಡಿದೆ. ಮುಂದೆ ಸಿಮೆಟಿಡಿನ್ ಬಂದು ಕಾರ್ಬೆನೊಕ್ಸೊಲೋನ್ ಹಿಂದೆ ಸರಿಯಿತು. ಹುಣ್ಣಿಗೆ ಮುಖ್ಯ ಕಾರಣ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ ಎಂಬುದನ್ನು ತೋರಿಸಿದ ಮಾರ್ಷಲ್ ಮತ್ತು ವಾರನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

'ಹೊಟ್ಟೆಯುರಿಗೆ ಜೇಷ್ಠಮಧು' ಎಂದಷ್ಟೇ ಬರೆದುಕೊಂಡ ಸಂಗ್ರಹದಿಂದ ಪರೀಕ್ಷಕರಿಗೆ ಏನೂ ದೊರೆಯದು. ಬೇರಿನ ಚೂರ್ಣವೋ ಕಷಾಯವೋ, ಹಾಲಿನೊಡನೆಯೋ ತುಪ್ಪದೊಡನೆಯೋ, ಎಷ್ಟು, ಎಷ್ಟು ದಿನ, ಯಾರಿಗೆ ಕೂಡದು ಎಂಬ ವಿವರಗಳು ವಕ್ತೃವಿನ ಮಾತಿನಲ್ಲಿಯೇ ದಾಖಲಾಗಬೇಕು. ದಿನಗಳ ಲೆಕ್ಕ ಇಲ್ಲಿ ತೀರ ಮುಖ್ಯವಾದುದು. ಅಂಗಡಿಯಲ್ಲಿ ದೊರೆಯುವುದು ಗ್ಲಿಸಿರೈಜಿನ್ ತೆಗೆಯದ ಇಡೀ ಬೇರು. ರಕ್ತದೊತ್ತಡವುಳ್ಳವರು ಅದನ್ನು ವಾರಗಟ್ಟಲೆ ಸೇವಿಸಿದರೆ 1946ರಲ್ಲಿ ಕಂಡ ಬಾವು ಮತ್ತೆ ಕಾಣಿಸಬಹುದು.