ಚುಕ್ಕಿಯಲ್ಲಿ ಬರೆದ ಕನ್ನಡ
ಪ್ರಶ್ನೆ: ಎಲ್‌ಇಡಿ ಬೋರ್ಡಿನಲ್ಲಿ ‘ಸಹಕಾರನಗರ’ ಸಲೀಸಾಗಿ ಓದಲು ಬರುತ್ತದೆ, ‘ಹೆಬ್ಬಾಳ’ ಕಲಸಿದಂತೆ ಕಾಣುತ್ತದೆ. ಏಕೆ? ಇಂಥ ಚೌಕಚೌಕ ಅಕ್ಷರ ಬೇರೆಲ್ಲಿ ಬಳಸುತ್ತಾರೆ?
– ಓದುಗರೊಬ್ಬರು, ಸಹಕಾರನಗರ

ಉತ್ತರ: ನಿಮ್ಮ ಬಡಾವಣೆಯ ಹೆಸರಿನಲ್ಲಿ ಒಂದೂ ಒತ್ತಕ್ಷರವಿಲ್ಲ, ಅದೇ ಅದೃಷ್ಟ! ಇಂಗ್ಲಿಷಿನ ದೊಡ್ಡಕ್ಷರಕ್ಕೆ ಅಗಲ 5, ಎತ್ತರ 7 ಚುಕ್ಕಿ ಸಾಕು. ಕನ್ನಡಕ್ಕೆ ಗುಣಿತದ ಗುಡಿಸಿಗೆ ಮೇಲೆ, ಒತ್ತಿಗೆ ಕೆಳಗೆ ಜಾಗ ಬೇಕು. 16 ಸಾಲು ಚುಕ್ಕಿಯ ಬೋರ್ಡಿನಲ್ಲಿ ಅಷ್ಟನ್ನೂ ತುರುಕಿದರೆ ನಡುವಿನ ಅಕ್ಷರ ಕುಗ್ಗಲೇಬೇಕು. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಪುಟ್ಟ ಸೀಳು, ಅದಕ್ಕೆ ಸಿಗುವುದು ಒಂದೋ ಎರಡೋ ಚುಕ್ಕಿ. ದಪ್ಪ ಮಾಡೋಣವೆಂದು ಗೆರೆಗೆ ಎರಡು ಚುಕ್ಕಿ ಕೊಟ್ಟರೆ ಸುರುಳಿಯ ಒಳಗಿನ ಖಾಲಿಯೇ ಮುಚ್ಚಿಹೋಗುತ್ತದೆ.

ಇನ್ನು ಬೇರೆಲ್ಲಿ ಎಂದರೆ, 1980ರ ‘ಪ್ಯಾಕ್‌ಮ್ಯಾನ್’ ಕಾಲದ ವಿಡಿಯೊ ಆಟಗಳಲ್ಲಿ 8×8 ಚೌಕದ ದಪ್ಪ ಅಕ್ಷರಗಳಿದ್ದವು. 1984ರ ಮ್ಯಾಕಿಂಟಾಷ್ ಕಂಪ್ಯೂಟರಿಗೆ ವಿನ್ಯಾಸಗಾರ್ತಿ ಸೂಸನ್ ಕೇರ್ ‘ಷಿಕಾಗೋ’ ಫಾಂಟನ್ನು ಚುಕ್ಕಿ ಚುಕ್ಕಿಯಾಗಿಯೇ ಬಿಡಿಸಿದರು. ಆಗ ಬೇರೆ ದಾರಿಯಿರಲಿಲ್ಲ. ಈಗ ಇಂಥ ಅಕ್ಷರ ಹಳೆಯ ಕಾಲದ ಸೊಗಸಿಗಾಗಿ ಗೇಮ್, ಪೋಸ್ಟರ್, ಟೀ ಶರ್ಟುಗಳ ಶೀರ್ಷಿಕೆಗೆ ಬರುತ್ತದೆ. ಉದ್ದನೆಯ ಬರಹಕ್ಕೆ ಬೇಡ, ಕಣ್ಣು ನೋಯುತ್ತದೆ. ನೀವೇ ಬಳಸುವುದಾದರೆ 8 ಚುಕ್ಕಿ ಎತ್ತರದ ಫಾಂಟನ್ನು 16, 24ಕ್ಕೆ ಹಿಗ್ಗಿಸಿ. 20ಕ್ಕೆ ಎಳೆದರೆ ಪರದೆಯಲ್ಲಿ ಅಂಚು ಮಸುಕಾಗುತ್ತದೆ.