ಮೂಗಿನ ಮೇಲೊಂದು ತಪ್ಪು ಕೊಂಬು

ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದ ಕೊಳದ ನಡುಗಡ್ಡೆಯಲ್ಲಿ ಎರಡು ದೈತ್ಯ ಪ್ರಾಣಿಗಳ ಶಿಲ್ಪಗಳಿವೆ. ಘೇಂಡಾಮೃಗದಂಥ ದಪ್ಪ ಮೈ, ಕಂಬದಂಥ ಕಾಲುಗಳು, ಮೂಗಿನ ಮೇಲೊಂದು ಕೊಂಬು. ಇಗ್ವಾನೊಡಾನ್ ಎಂಬ ಡೈನೋಸಾರ್ ಹೀಗಿತ್ತೆಂದು 1854ರಲ್ಲಿ ಜನರಿಗೆ ತೋರಿಸಲಾಯಿತು. ಆದರೆ ಆ ಪ್ರಾಣಿಗೆ ಮೂಗಿನ ಮೇಲೆ ಕೊಂಬೇ ಇರಲಿಲ್ಲ!

ತಪ್ಪಿಗೆ ಕಾರಣವಿತ್ತು. ಇಂಗ್ಲೆಂಡಿನ ವೈದ್ಯ ಗಿಡಿಯನ್ ಮ್ಯಾಂಟೆಲ್ 1825ರಲ್ಲಿ ಈ ಪ್ರಾಣಿಗೆ ಹೆಸರಿಟ್ಟಾಗ ಅವರ ಕೈಯಲ್ಲಿದ್ದದ್ದು ಮುಖ್ಯವಾಗಿ ಕೆಲವು ಹಲ್ಲುಗಳು. ಅವು ಇಗ್ವಾನಾ ಎಂಬ ಹಲ್ಲಿಜಾತಿಯ ಪ್ರಾಣಿಯ ಹಲ್ಲನ್ನು ಹೋಲುತ್ತಿದ್ದವು. ಮೂಳೆಗಳ ಜೊತೆ ದೊರೆತ ಚೂಪಾದ ತುಂಡೊಂದನ್ನು ಕೊಂಬೆಂದು ಊಹಿಸಲಾಯಿತು. 'ಡೈನೋಸಾರ್' ಎಂಬ ಹೆಸರಿಗೆ 1842ರಲ್ಲಿ ಮೂಲ ಹಾಕಿದ ರಿಚರ್ಡ್ ಓವೆನ್ ಅವರ ಸಲಹೆಯಂತೆ ಶಿಲ್ಪಗಳನ್ನು ರೂಪಿಸಿದವರು ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್. 1853ರ ಡಿಸೆಂಬರ್ 31ರಂದು ಇಗ್ವಾನೊಡಾನ್ ಅಚ್ಚಿನೊಳಗೇ ವಿದ್ವಾಂಸರಿಗೆ ಔತಣವೂ ನಡೆಯಿತು.

ಹಾಕಿನ್ಸ್ ಈ ಪ್ರಾಣಿಗಳ ಪುಟ್ಟ ಮಾದರಿಗಳನ್ನೂ ಮಾಡಿದರು. ಒಂದು ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ತಯಾರಾದ ಅವು ಮಾರಾಟಕ್ಕೂ ಬಂದವು. ಇಂದು ಸಂಗ್ರಾಹಕರು ಹುಡುಕುವ ಮಾದರಿಗಳ ಹಿರಿಯಜ್ಜ ಇವೇ ಎನ್ನಬಹುದು.

1878ರಲ್ಲಿ ಬೆಲ್ಜಿಯಂನ ಬೆರ್ನಿಸಾರ್ ಕಲ್ಲಿದ್ದಲು ಗಣಿಯಲ್ಲಿ, ನೆಲದಿಂದ 322 ಮೀಟರ್ ಆಳದಲ್ಲಿ, ಇಗ್ವಾನೊಡಾನ್‌ಗಳ ಪಳೆಯುಳಿಕೆಗಳು ರಾಶಿಯಾಗಿ ದೊರೆತವು. ಇಡೀ ಅಸ್ಥಿಪಂಜರಗಳೇ ಕಣ್ಣೆದುರಿಗಿದ್ದವು. ಅವುಗಳನ್ನು ಅಧ್ಯಯನ ಮಾಡಿದ ಲೂಯಿ ಡೊಲೊ, 'ಕೊಂಬು' ನಿಜವಾಗಿ ಹೆಬ್ಬೆರಳಿನ ಮುಳ್ಳು ಎಂದು ತೋರಿಸಿದರು.

ಮಾದರಿಯ ಬೆಲೆ ಅದರ ಅಳತೆಯಲ್ಲಿದೆ. ಅಮೆರಿಕದ ಕಾರ್ನೆಗಿ ಮ್ಯೂಸಿಯಂ ಹೆಸರಿನಲ್ಲಿ 1988ರಿಂದ 2015ರವರೆಗೆ ಬಂದ ಮಾದರಿಗಳಲ್ಲಿ ಅನೇಕವು ನಲವತ್ತರಲ್ಲಿ ಒಂದರ ಅಳತೆಯವು. ಆ ಲೆಕ್ಕದಲ್ಲಿ 12 ಮೀಟರ್ ಉದ್ದದ ಟಿರಾನೊಸಾರಸ್ 30 ಸೆಂಟಿಮೀಟರ್ ಆಗುತ್ತದೆ. ಪಕ್ಕದಲ್ಲಿ ನಿಂತ ಮನುಷ್ಯ ನಾಲ್ಕು ಸೆಂಟಿಮೀಟರ್ ದಾಟುವುದೇ ಕಷ್ಟ! ಅಂಕಿಗಳಿಂದ ತಿಳಿಯದ ಗಾತ್ರ ಹೀಗೆ ಮೇಜಿನ ಮೇಲೆ ಸಲೀಸಾಗಿ ಅರ್ಥವಾಗುತ್ತದೆ.

ಮಾದರಿಗಳನ್ನು ವರ್ಷಕ್ರಮದಲ್ಲಿ ಸಾಲಾಗಿಟ್ಟರೆ ಮತ್ತೊಂದು ಸಂಗತಿ ಕಾಣುತ್ತದೆ. ಹಳೆಯ ಟಿರಾನೊಸಾರಸ್ ನೆಟ್ಟಗೆ ನಿಂತು ಬಾಲವನ್ನು ನೆಲಕ್ಕೆ ಎಳೆಯುತ್ತದೆ. ಆನಂತರದ್ದು ಬೆನ್ನನ್ನು ನೆಲಕ್ಕೆ ಸಮಾನಾಂತರವಾಗಿಟ್ಟು ಬಾಲ ಎತ್ತಿದೆ. ಚೀನಾದಲ್ಲಿ 1996ರಲ್ಲಿ ಗರಿಯಂಥ ಹೊದಿಕೆಯ ಸೈನೊಸಾರೊಪ್ಟೆರಿಕ್ಸ್ ಬೆಳಕಿಗೆ ಬಂದ ಮೇಲೆ ಕೆಲವು ಮಾದರಿಗಳಿಗೆ ಗರಿಯೂ ಮೂಡಿತು. ಪಠ್ಯಪುಸ್ತಕ ಹೊಸ ಮುದ್ರಣದಲ್ಲಿ ಹಳೆಯ ತಪ್ಪನ್ನು ಅಳಿಸಿಬಿಡುತ್ತದೆ. ಅಚ್ಚಿನಿಂದ ಹೊರಬಂದ ಗೊಂಬೆಗೆ ಆ ಸೌಲಭ್ಯವಿಲ್ಲ. ಆಯಾ ಕಾಲದ ತಿಳಿವಳಿಕೆ ಅದರ ಮೈಯಲ್ಲೇ ಗಟ್ಟಿಯಾಗಿ ನಿಂತಿರುತ್ತದೆ. ಆದ್ದರಿಂದ 'ತಪ್ಪು' ಗೊಂಬೆಯನ್ನು ಕಸಕ್ಕೆಸೆದರೆ ವಿಜ್ಞಾನ ನಡೆದುಬಂದ ದಾರಿಯ ಒಂದು ಗುರುತೂ ಹೋದಂತೆ.

ಕ್ರಿಸ್ಟಲ್ ಪ್ಯಾಲೇಸ್ ಶಿಲ್ಪಗಳಿಗೆ ಬ್ರಿಟನ್ 2007ರಲ್ಲಿ ಅತ್ಯುನ್ನತ ದರ್ಜೆಯ ಪಾರಂಪರಿಕ ರಕ್ಷಣೆ ನೀಡಿತು. ಶಿಲ್ಪದ ತಪ್ಪನ್ನು ಯಾರೂ ತಿದ್ದಲಿಲ್ಲ. ಕೊಂಬು ಮೂಗಿನ ಮೇಲೇ ಉಳಿದಿದೆ.